ಕಾಲಿಗೊಪ್ಪುವ ಕಲಿಗ



ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಕುಟುಂಬಗಳು ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ಪಕ್ಕದ ಕಾಲುಹಾದಿಯಲ್ಲಿ ನಡೆದ ದಿನದ ಚಿತ್ರಗಳನ್ನು ತಾವೆಲ್ಲರೂ ನೋಡಿರುತ್ತೀರಿ. ಶಿರಸ್ತ್ರಾಣ ಧರಿಸಿದ ಮಕ್ಕಳು, ಕೆಂಪು ನಿಲುವಂಗಿ ತೊಟ್ಟ ಯುವಕರು, ಅವರ ಹಿಂದೆ ಚಿತ್ರಾನ್ನದ ಡಬ್ಬಿಗಳನ್ನು ಹೊತ್ತು ಬರುತ್ತಿರುವ ಹಿರಿಯರು. ಚಿತ್ರಗಳಲ್ಲಿ ಎಲ್ಲವೂ ಸೊಗಸಾಗಿದೆ. ಅಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಸ್ವಯಂಸೇವಕ ವೈದ್ಯರಾಗಿ ನಡೆದವರು ನಾವು. ಸಂಜೆ ಬಸ್ಸು ಹತ್ತುವ ಹೊತ್ತಿಗೆ ನಮ್ಮ ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟರುಗಳೆಲ್ಲ ಮುಗಿದುಹೋಗಿದ್ದವು. ಅವೆಲ್ಲವೂ ಖರ್ಚಾದದ್ದು ರೋಮನ್ ಸೈನಿಕರ ಪಾದರಕ್ಷೆಯ ಪ್ರತಿಕೃತಿಗಳನ್ನು ಮೆಟ್ಟಿ ಬಂದಿದ್ದ ಐದು ಜನರ ಕಾಲುಗಳಿಗೆ.

ಐವರಲ್ಲಿ ನಾಲ್ವರು ತರುಣರು. ಅವರ ಬೊಬ್ಬೆಗಳು ಒಂದು ವಾರದಲ್ಲಿ ಮಾಗಿದವು. ಐದನೆಯವರು ಅರವತ್ತು ದಾಟಿದ ಹಿರಿಯರು, ಬಹುಕಾಲದ ಮಧುಮೇಹಿ. ಮಗನಿಗೆಂದು ಅಂತರ್ಜಾಲದಲ್ಲಿ ಕೊಂಡಿದ್ದ ಜೋಡಿಯನ್ನು ಆ ದಿನ ಸಂಭ್ರಮದಿಂದ ತಾವೇ ಮೆಟ್ಟಿಕೊಂಡು ಹೊರಟಿದ್ದರು. ದಾರಿಯಲ್ಲಿ ಎರಡು ಬಾರಿ ವಿಚಾರಿಸಿದೆವು. “ಏನೂ ನೋವಿಲ್ಲ ಡಾಕ್ಟ್ರೇ, ಎಣ್ಣೆ ಹಚ್ಚಿದ ಹಾಗೆ ಇದೆ” ಎಂದು ನಕ್ಕರು. ಸಂಜೆ ಪಾದರಕ್ಷೆ ಕಳಚಿದಾಗ ಒಳ ಅಟ್ಟೆಯ ಮೇಲೆ ರಕ್ತದ ಕಲೆಯಿತ್ತು. ಒಂದು ಮೊಳೆಯ ತುದಿ ಅಟ್ಟೆಯನ್ನು ಹಾದು ಮೇಲೆ ಬಂದು, ಹೆಬ್ಬೆರಳ ಬುಡದಲ್ಲಿ ಗಾಯ ಮಾಡಿತ್ತು. ಆ ಗಾಯ ಮಾಗುವುದಕ್ಕೆ ಹನ್ನೊಂದು ವಾರ ಬೇಕಾಯಿತು. ಒಂದು ಹಂತದಲ್ಲಿ ಬೆರಳು ಉಳಿಯುವುದೋ ಇಲ್ಲವೋ ಎಂಬ ಆತಂಕವೂ ಇತ್ತು. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಪುರಾತನ ಉಡುಗೆ ತೊಟ್ಟು ಇತಿಹಾಸವನ್ನು ಅರಿಯುವ ಹವ್ಯಾಸಕ್ಕೆ ನಾವು ವಿರೋಧಿಗಳಲ್ಲ. ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ನಮ್ಮ ಮಕ್ಕಳು ರೋಮನ್ ಬ್ರಿಟನ್ನಿನ ಪಾಠ ಕಲಿಯುತ್ತಾರೆ. ಆ ಕುತೂಹಲ ಮನೆಗೂ ಹರಿದುಬರುವುದು ಒಳ್ಳೆಯದೇ. ನಮ್ಮ ಮನೆಯಲ್ಲಿಯೂ ಅಂಥದೊಂದು ಜೋಡಿ ಇದೆ. ನಮ್ಮ ಅಭಿಪ್ರಾಯ ಇಷ್ಟೇ: ಪಾದರಕ್ಷೆಯನ್ನು ವೇಷದ ಒಂದು ಅಲಂಕಾರವೆಂದು ಬಗೆದು ಕೊಳ್ಳಬಾರದು. ಕಾಲಿಗೆ ಒಪ್ಪುವುದನ್ನು, ಕಾಲಕ್ಕೂ ಒಪ್ಪುವುದನ್ನು, ಅದನ್ನು ಮಾಡಿದವನ ಶ್ರಮಕ್ಕೆ ತಕ್ಕ ಬೆಲೆ ಕೊಟ್ಟು ತರಬೇಕು. ತಂದ ಮೇಲೆ ನಮ್ಮ ಕೈಯಾರೆ ಅದರ ಆರೈಕೆ ಮಾಡಬೇಕು. ಇಷ್ಟು ಸಾಧ್ಯವಿಲ್ಲದಿದ್ದರೆ ನಮ್ಮ ಎಂದಿನ ನಡಿಗೆಯ ಬೂಟುಗಳೇ ಮೇಲು.

ಮೊದಲಿಗೆ ಈ ವಸ್ತುವನ್ನು ಪರಿಚಯ ಮಾಡಿಕೊಳ್ಳೋಣ. ಲ್ಯಾಟಿನ್ ಭಾಷೆಯಲ್ಲಿ ಇದರ ಹೆಸರು ಕಲಿಗ. ಕ್ರಿಸ್ತಶಕ ಮೊದಲ ಶತಮಾನದ ರೋಮನ್ ಕಾಲಾಳುಗಳು ಮೆಟ್ಟುತ್ತಿದ್ದುದು ಇದನ್ನೇ. ನೋಡುವುದಕ್ಕೆ ಚಪ್ಪಲಿಯಂತೆ ಕಂಡರೂ ಅದು ಮಾಡುತ್ತಿದ್ದುದು ಬೂಟಿನ ಕೆಲಸ. ಮೇಲ್ಭಾಗವೆಲ್ಲ ಒಂದೇ ತುಂಡು ತೊಗಲು. ಅದನ್ನೇ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಪಾದದ ಮೇಲೆ ಕೂಡಿಸಿ, ತೊಗಲಿನ ದಾರದಿಂದ ಕಣಕಾಲಿನವರೆಗೆ ಬಿಗಿಯುತ್ತಿದ್ದರು. ಅಡಿಯಲ್ಲಿ ಒಂದರ ಮೇಲೊಂದು ಅಟ್ಟೆಯ ಪದರಗಳು. ಆ ಪದರಗಳನ್ನು ಹಿಡಿದಿಡುತ್ತಿದ್ದುದು ತಲೆ ಉಬ್ಬಿದ ಕಬ್ಬಿಣದ ಮೊಳೆಗಳು. ಮೊಳೆಯನ್ನು ಕೆಳಗಿನಿಂದ ಹೊಡೆದು, ಹಾದುಬಂದ ತುದಿಯನ್ನು ಬಾಗಿಸಿ, ಮತ್ತೆ ತೊಗಲಿಗೇ ಇಳಿಸುತ್ತಿದ್ದರು. ಒಂದೊಂದು ಕಾಲಿಗೆ 80–90 ಮೊಳೆಗಳಿರುವುದೂ ಉಂಟು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗೊರಸಿಗೆ ಲಾಳ ಹೊಡೆಸುವುದನ್ನು ಕಂಡವರಿಗೆ ಇದರ ಉದ್ದೇಶವನ್ನು ವಿವರಿಸಬೇಕಾಗಿಲ್ಲ: ಅಟ್ಟೆ ಸವೆಯಬಾರದು, ಮಣ್ಣಿನ ಮೇಲೆ ಹಿಡಿತ ತಪ್ಪಬಾರದು. ವೆಜಿಟಿಯಸ್ ಎಂಬ ಲೇಖಕನ ಪ್ರಕಾರ ಹೊಸ ಸೈನಿಕರು ಬೇಸಿಗೆಯ ಐದು ಗಂಟೆಗಳಲ್ಲಿ 20 ರೋಮನ್ ಮೈಲಿ, ಅಂದರೆ ಸುಮಾರು 30 ಕಿಲೋಮೀಟರ್ ನಡೆಯುವುದನ್ನು ಅಭ್ಯಾಸ ಮಾಡಬೇಕಿತ್ತು. ರೋಮಿನ ಚಕ್ರವರ್ತಿಯೊಬ್ಬನ ಅಡ್ಡಹೆಸರೂ ಇದರಿಂದಲೇ ಬಂದದ್ದು. ಬಾಲ್ಯದಲ್ಲಿ ತಂದೆಯ ಸೇನಾ ಶಿಬಿರದಲ್ಲಿ ಪುಟ್ಟ ಕಲಿಗ ಮೆಟ್ಟಿ ಓಡಾಡುತ್ತಿದ್ದ ಗೈಯಸ್‌ನನ್ನು ಸೈನಿಕರು ಪ್ರೀತಿಯಿಂದ ‘ಕಲಿಗುಲ’ ಎಂದು ಕರೆದರು. ಜಗತ್ತು ಅವನನ್ನು ಇಂದಿಗೂ ಆ ಹೆಸರಿನಿಂದಲೇ ನೆನೆಯುತ್ತದೆ.

ಇಲ್ಲಿಯೇ ನಮ್ಮವರ ಮೊದಲ ತಪ್ಪು ಕಾಣುತ್ತದೆ. ಕ್ರಿ.ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಸೇನೆ ಈ ದ್ವೀಪಕ್ಕೆ ಬಂದಿಳಿದಾಗ ಸೈನಿಕರ ಕಾಲಲ್ಲಿ ಇದ್ದದ್ದು ತೆರೆದ ಕಲಿಗ. ಹೇಡ್ರಿಯನ್ ಗೋಡೆಯ ಕೆಲಸ ಆರಂಭವಾದದ್ದು 122ರಲ್ಲಿ. ಆ ವೇಳೆಗೆ ತೆರೆದ ಕಲಿಗದ ಬಳಕೆ ಹಿಂದೆ ಸರಿದು, ಪಾದವನ್ನು ಪೂರ್ತಿ ಮುಚ್ಚುವ ಬೂಟುಗಳು ಬಂದಿದ್ದವು. ಗೋಡೆಯ ಸಮೀಪದ ವಿಂಡೊಲಾಂಡ ಕೋಟೆಯ ಒದ್ದೆ ಮಣ್ಣಿನಲ್ಲಿ, ಗಾಳಿಯಾಡದ ಪದರಗಳ ನಡುವೆ, 4,000ಕ್ಕೂ ಹೆಚ್ಚು ಪಾದರಕ್ಷೆಗಳು ದೊರೆತಿವೆ. ಅವುಗಳಲ್ಲಿ ಮುಚ್ಚಿದ ಬೂಟುಗಳಿವೆ, ಹೆಂಗಸರ ಚಪ್ಪಲಿಗಳಿವೆ, ಎಳೆಯ ಮಕ್ಕಳ ಪುಟ್ಟ ಜೋಡುಗಳೂ ಇವೆ. ಕೋಟೆಯೊಳಗೆ ಸೈನಿಕರಷ್ಟೇ ಇದ್ದರೆಂಬ ಹಳೆಯ ಕಲ್ಪನೆಯನ್ನು ಬದಲಿಸಿದ ಸಾಕ್ಷ್ಯಗಳಲ್ಲಿ ಈ ಪುಟ್ಟ ಜೋಡುಗಳೂ ಸೇರಿವೆ. ಅಂದಮೇಲೆ ಗೋಡೆಯ ಬಳಿ ನಡೆಯುವ ನಾವು ಚಲನಚಿತ್ರಗಳಲ್ಲಿ ಕಂಡ ತೆರೆದ ಕಲಿಗವನ್ನೇ ಹುಡುಕಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಮುಚ್ಚಿದ ಬೂಟು ಆ ಕಾಲಕ್ಕೂ ಆ ಸ್ಥಳಕ್ಕೂ ಹೆಚ್ಚು ಸರಿ. ಅಲ್ಲಿನ ಮಳೆಗೆ, ಚಳಿಗೆ, ನಮ್ಮ ಕಾಲುಗಳಿಗೂ ಅದೇ ಹಿತ.

ಕಾಲುಚೀಲ ಹಾಕಿದರೆ ರೋಮನ್ ವೇಷ ಕೆಡುತ್ತದೆಂದು ಅಂದು ತರುಣರು ವಾದಿಸಿದರು. ಅವರು ನಂಬಿದ್ದಕ್ಕೆ ಆಧಾರವಿಲ್ಲ. ವಿಂಡೊಲಾಂಡದಲ್ಲಿ 1973ರಿಂದ ದೊರೆಯುತ್ತ ಬಂದ ಮರದ ತೆಳು ಹಲಗೆಗಳ ಪತ್ರಗಳಲ್ಲಿ ಒಂದು ಇಂಥದೇ ವಿಷಯದ್ದು. ಯಾರೋ ಒಬ್ಬರು ಅಲ್ಲಿದ್ದವನೊಬ್ಬನಿಗೆ ಕಾಲುಚೀಲಗಳನ್ನೂ ಎರಡು ಜೊತೆ ಚಪ್ಪಲಿಗಳನ್ನೂ ಎರಡು ಒಳಚಡ್ಡಿಗಳನ್ನೂ ಕಳುಹಿಸಿದ್ದೇವೆಂದು ಬರೆದಿದ್ದಾರೆ. ಊರಿನಿಂದ ಬರುವ ಚಟ್ನಿಪುಡಿಯ ಪೊಟ್ಟಣಕ್ಕೂ ಕುಲಾವಿಗೂ ಕಾಯ್ದು ಕುಳಿತವರಿಗೆ ಈ ಪತ್ರದ ಭಾವ ತಟ್ಟನೆ ತಿಳಿಯುತ್ತದೆ. ಈ ಗಡಿಯಲ್ಲಿ ಕಾವಲಿದ್ದವರು, ಅವರ ಸುತ್ತ ಬದುಕು ಕಟ್ಟಿಕೊಂಡವರು ಹಲವರು ದೂರದೇಶದವರು. ಸೌತ್ ಷೀಲ್ಡ್ಸಿನಲ್ಲಿ ಸಿರಿಯಾದ ಪಾಲ್ಮೈರಾದವನಾದ ಬರಾತೆಸ್ ಎಂಬಾತ ತೀರಿಕೊಂಡ ಮಡದಿ ರೆಜಿನಾಳಿಗೆ ನಿಲ್ಲಿಸಿದ ಕಲ್ಲು ಇದೆ. ಅದರಲ್ಲಿ ಲ್ಯಾಟಿನ್ ಬರಹದ ಕೆಳಗೆ ಅವನ ಊರಿನ ಭಾಷೆಯಲ್ಲಿ ಒಂದು ಸಾಲು ಇದೆ. ಪರದೇಶದಲ್ಲಿ ದುಃಖವನ್ನು ತಾಯ್ನುಡಿಯಲ್ಲಿಯೂ ಬರೆದಿಟ್ಟ ಆ ಮನುಷ್ಯನ ಕಾಲದ ಜೋಡುಗಳನ್ನು ತಮಾಷೆಯ ವಸ್ತುವಾಗಿ ನೋಡಲು ನಮಗೆ ಮನಸ್ಸು ಬರುವುದಿಲ್ಲ.

ಇನ್ನು ಬೆಲೆಯ ಮಾತು. ಕ್ರಿ.ಶ. 301ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿ ಹೊರಡಿಸಿದ ಬೆಲೆಗಳ ಶಾಸನದಲ್ಲಿ ಸೈನಿಕರ ಕಲಿಗಕ್ಕೆ, ಮೊಳೆಗಳನ್ನು ಬಿಟ್ಟು, 100 ದಿನಾರಿಯಸ್ ಗರಿಷ್ಠ ಬೆಲೆ ನಿಗದಿಯಾಗಿತ್ತು. ಆ ವೇಳೆಗೆ ರೂಪ ಬದಲಾಗಿದ್ದರೂ ಹೆಸರು ಉಳಿದಿತ್ತು. ಅದೇ ಶಾಸನದಲ್ಲಿ ಹೊಲದ ಕೂಲಿಯಾಳಿಗೆ ಊಟದ ಜೊತೆಗೆ ದಿನಕ್ಕೆ 25 ದಿನಾರಿಯಸ್. ಎಂದರೆ ಒಂದು ಜೊತೆಗೆ ನಾಲ್ಕು ದಿನಗಳ ಕೂಲಿ, ಮೊಳೆಯ ಖರ್ಚು ಬೇರೆ. ಅದಕ್ಕೂ ಮೊದಲಿನ ವೆಸ್ಪೇಷಿಯನ್ ಚಕ್ರವರ್ತಿಯ ಕತೆಯೊಂದಿದೆ. ಬಂದರುಗಳಿಂದ ರೋಮಿಗೆ ಸರದಿಯಂತೆ ನಡೆದುಬರುತ್ತಿದ್ದ ನಾವಿಕ ಸೈನಿಕರು ಪಾದರಕ್ಷೆಯ ಭತ್ಯೆ ಕೇಳಿದರಂತೆ. ಹಾಗಾದರೆ ಬರಿಗಾಲಲ್ಲಿ ಓಡಿ ಎಂದು ಅವನು ಅಪ್ಪಣೆ ಮಾಡಿದನಂತೆ. ಕತೆಯನ್ನು ಹೇಳುವ ಸುಟೋನಿಯಸ್ ತನ್ನ ಕಾಲದಲ್ಲಿಯೂ ಅವರು ಹಾಗೆಯೇ ಓಡುತ್ತಿದ್ದಾರೆ ಎನ್ನುತ್ತಾನೆ. ಒಳ್ಳೆಯ ಪಾದರಕ್ಷೆ ಎಂದೂ ಅಗ್ಗವಾಗಿರಲಿಲ್ಲ. ಅದರ ಖರ್ಚನ್ನು ಉಳಿಸಹೊರಟಾಗ ಬೆಲೆ ತೆತ್ತದ್ದು ಕಾಲುಗಳು.

ಇಂದು ಅಂತರ್ಜಾಲದಲ್ಲಿ ಸಿಗುವ ಅಗ್ಗದ ಪ್ರತಿಕೃತಿಗೂ ಅಳತೆ ಕೊಟ್ಟು ಕೈಯಿಂದ ಮಾಡಿಸಿದ ಜೋಡಿಗೂ ಬೆಲೆಯಲ್ಲಿ ಮೂರು ನಾಲ್ಕು ಪಟ್ಟು ಅಂತರವನ್ನು ನಾವು ಕಂಡಿದ್ದೇವೆ. ಅಗ್ಗದವುಗಳಲ್ಲಿ ಹಲವು ನಮ್ಮ ಉತ್ತರ ಭಾರತದ ಕಾರ್ಖಾನೆಗಳಲ್ಲಿ ತಯಾರಾದವು. ಇದನ್ನು ಕೇಳಿ ಕೆಲವರು ನಮ್ಮ ದೇಶದ ಕುಶಲಕರ್ಮಿಗಳನ್ನು ಹಳಿಯುತ್ತಾರೆ. ನಾವು ಹಾಗೆ ಹೇಳಲಾರೆವು. ನಾಲ್ಕು ದಿನಗಳ ಕೆಲಸವನ್ನು ಅರ್ಧ ದಿನದ ಬೆಲೆಗೆ ಬೇಡುವವರು ನಾವು. ಮೊಳೆಯ ತುದಿಯನ್ನು ಸರಿಯಾಗಿ ಮಡಚಲು ಅವನಿಗೆ ವ್ಯವಧಾನ ಕೊಡದವರೂ ನಾವೇ. ಅದೇ ಕೈಗಳಿಗೆ ತಕ್ಕ ತೊಗಲು, ತಕ್ಕ ಸಮಯ, ತಕ್ಕ ಕೂಲಿ ದೊರೆತರೆ ಕೆಲಸದ ಗುಣವೂ ಬೇರೆಯಾಗುತ್ತದೆ.

ಕೊಳ್ಳುವ ಮುನ್ನ ಏನನ್ನು ಕೇಳಬೇಕು? ಮೊದಲನೆಯದು ತೊಗಲು. ರೋಮನ್ನರ ಪಾದರಕ್ಷೆಯ ತೊಗಲು ಓಕ್ ಮುಂತಾದ ಮರಗಳ ತೊಗಟೆಯ ಒಗರಿನಿಂದ ಹದಗೊಂಡದ್ದು. ನಮ್ಮಲ್ಲಿ ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುತ್ತಿದ್ದುದೂ ಇದೇ ವಿಧಾನದಿಂದ. ಇಂದಿನ ಬಹುಪಾಲು ಚರ್ಮವನ್ನು ಕ್ರೋಮಿಯಂ ಲವಣಗಳಿಂದ ಹದ ಮಾಡುತ್ತಾರೆ. ಅದು 19ನೇ ಶತಮಾನದಲ್ಲಿ ಬಂದ ಪದ್ಧತಿ. ತೊಗಟೆಯ ಹದದ ತೊಗಲನ್ನು ಕತ್ತರಿಸಿದ ಅಂಚು ಒಳಗೂ ಹೊರಗೂ ಕಂದಾಗಿರುತ್ತದೆ. ಕ್ರೋಮ್ ಹದದ್ದರ ನಡುವೆ ಹಲವು ವೇಳೆ ನೀಲಿ ಬೂದು ಬಣ್ಣ ಇಣುಕುತ್ತದೆ. ತೊಗಟೆಯ ಹದದ ತೊಗಲು ಒದ್ದೆಯಾದಾಗ ಮೆತ್ತಗಾಗಿ ಕಾಲಿನ ಆಕಾರಕ್ಕೆ ಒಗ್ಗಿ, ಒಣಗಿದ ಮೇಲೆ ಆ ಆಕಾರವನ್ನೇ ಹಿಡಿದುಕೊಳ್ಳುತ್ತದೆ. ಕಲಿಗದ ಸೌಖ್ಯವೆಲ್ಲ ಈ ಗುಣದಲ್ಲಿದೆ.

ಎರಡನೆಯದು ಮೊಳೆ. ಒಳ ಅಟ್ಟೆಯ ಮೇಲೆ ಕೈಯಾಡಿಸಿ ನೋಡಿ. ಬೆರಳಿಗೆ ಏನೂ ತಗಲಬಾರದು. ಮೊಳೆಗಳ ತುದಿ ಬಾಗಿಸಿ ಇಳಿಸಿದ್ದೋ ಅಥವಾ ಕೇವಲ ಅಂಟಿನಿಂದ ನಿಂತದ್ದೋ ಎಂದು ಮಾರುವವರನ್ನು ನೇರವಾಗಿ ಕೇಳಿ. ಮೂರನೆಯದು ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಪಾದರಕ್ಷೆಯ ವಿಷಯದಲ್ಲಿ ಸಲ್ಲದು. ಇಲ್ಲಿ ಕಾಲಿಗೆ ತಕ್ಕಂತೆ ತೊಗಲು ಚಾಚಬೇಕು. ಸಂಜೆಯ ಹೊತ್ತು, ಪಾದ ತುಸು ಊದಿಕೊಂಡಿರುವಾಗ, ಕಾಗದದ ಮೇಲೆ ನಿಂತು ಎರಡೂ ಪಾದಗಳ ಸುತ್ತ ಗೆರೆ ಎಳೆಸಿ, ಆ ಕಾಗದವನ್ನೇ ಕಳುಹಿಸಿ. ಅದನ್ನು ಸ್ವೀಕರಿಸದೆ ಕೇವಲ ಸೈಜು ಸಂಖ್ಯೆ ಕೇಳುವ ಅಂಗಡಿಯಿಂದ ಕೊಳ್ಳದಿರುವುದು ಲೇಸು. ನಾಲ್ಕನೆಯದಾಗಿ, ಅನುಭವಿಗಳನ್ನು ವಿಚಾರಿಸಿ. 1972ರಲ್ಲಿ ಸ್ಥಾಪನೆಯಾದ ಎರ್ಮಿನ್ ಸ್ಟ್ರೀಟ್ ಗಾರ್ಡ್‌ನಂಥ ತಂಡಗಳು ರೋಮನ್ ಸೇನೆಯ ಉಡುಗೆಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿವೆ. ಜರ್ಮನಿಯ ಇತಿಹಾಸಕಾರ ಮಾರ್ಕುಸ್ ಯುಂಕಲ್‌ಮನ್ 1985ರಲ್ಲಿ ಸಂಗಡಿಗರೊಡನೆ ರೋಮನ್ ಸೈನಿಕರ ಸಜ್ಜಿನಲ್ಲಿ ವೆರೋನಾದಿಂದ ಆಲ್ಪ್ಸ್ ದಾಟಿ ಆಗ್ಸ್‌ಬರ್ಗಿನವರೆಗೆ ನಡೆದರು. ಇಂಥ ತಂಡಗಳ ಪ್ರದರ್ಶನಗಳಿಗೆ ಹೋದಾಗ ಖಡ್ಗವನ್ನು ನೋಡಿದ ಮೇಲೆ ಕಾಲನ್ನೂ ನೋಡಿ. ಯಾರಿಂದ ಮಾಡಿಸಿದಿರಿ, ಎಷ್ಟು ವರ್ಷವಾಯಿತು ಎಂದು ಕೇಳಿ.

ಈಗ ವೈದ್ಯರಾಗಿ ನಾವು ಹೇಳಲೇಬೇಕಾದ ಮಾತು. ದಕ್ಷಿಣ ಏಷ್ಯಾ ಮೂಲದವರಾದ ನಮ್ಮಲ್ಲಿ ಎರಡನೆಯ ಬಗೆಯ ಮಧುಮೇಹ ಇತರರಿಗಿಂತ ಹೆಚ್ಚು. ಚಿಕ್ಕ ವಯಸ್ಸಿನಲ್ಲಿಯೇ ಬರುವುದೂ ಹೆಚ್ಚು. ದೀರ್ಘಕಾಲದ ಮಧುಮೇಹದಲ್ಲಿ ಪಾದದ ನರಗಳು ಮೆಲ್ಲಮೆಲ್ಲನೆ ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ಹೊಸ ಚಪ್ಪಲಿ ಕಚ್ಚಿತು ಎನ್ನುತ್ತೇವಲ್ಲ, ಆ ಕಚ್ಚುವಿಕೆ ದೇಹದ ಎಚ್ಚರಿಕೆ. ಕಚ್ಚಿದ್ದೇ ತಿಳಿಯದಿದ್ದರೆ ಗಾಯದ ಮೇಲೆ ಮೈಲಿಗಟ್ಟಲೆ ನಡೆಯುತ್ತೇವೆ. ನಮ್ಮ ಹಿರಿಯರ ‘ಏನೂ ನೋವಿಲ್ಲ’ ಎಂಬ ಮಾತನ್ನು ನಾವು ಆ ದಿನ ಸಮಾಧಾನದಿಂದ ಕೇಳಿಕೊಂಡೆವು. ವೈದ್ಯರಾದ ನಾವು ಅದನ್ನು ಸಂಶಯದಿಂದ ಕೇಳಬೇಕಾಗಿತ್ತು. ದಾರಿಯ ನಡುವೆಯೇ ಜೋಡು ಕಳಚಿಸಿ ನೋಡಲಿಲ್ಲವೆಂಬ ಕೊರಗು ನಮ್ಮನ್ನು ಬಿಟ್ಟಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎಂದು ಅದರ ಹೆಸರು. ಕಣ್ಣು ಮುಚ್ಚಿಕೊಂಡು ಮಲಗಿದವರ ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ, ಸವರಬೇಡಿ. ಒಟ್ಟು ಆರು ಸ್ಪರ್ಶಗಳಲ್ಲಿ ಎರಡು ಅಥವಾ ಹೆಚ್ಚು ತಿಳಿಯದಿದ್ದರೆ ಸ್ಪರ್ಶಜ್ಞಾನ ಕುಂದಿರುವ ಸಂಭವವಿದೆ. ತಮ್ಮ ವೈದ್ಯರನ್ನು ಕಾಣಬೇಕು. ಅಂಥವರು ಕಲಿಗ ಮೆಟ್ಟಲೇಬಾರದು. ಇದರಲ್ಲಿ ನಮ್ಮದು ಖಂಡಿತವಾದ ಅಭಿಪ್ರಾಯ. ಮಧುಮೇಹಿಗಳಿಗೆ ವರ್ಷಕ್ಕೊಮ್ಮೆ ಎನ್.ಎಚ್.ಎಸ್. ಉಚಿತವಾಗಿ ಮಾಡುವ ಪಾದ ತಪಾಸಣೆಯನ್ನು ಯಾರೂ ತಪ್ಪಿಸಬಾರದು. ಉಳಿದವರಿಗೂ ಎಚ್ಚರ ಬೇಕು. ಮೆತ್ತನೆಯ ಬೂಟುಗಳಿಗೆ ಒಗ್ಗಿದ ಪಾದಕ್ಕೆ ಎತ್ತರವಿಲ್ಲದ ಗಟ್ಟಿ ಅಟ್ಟೆ ಹೊಸದು. ಹಿಮ್ಮಡಿಯೂ ಮೀನಖಂಡವೂ ನೋಯುತ್ತವೆ. ಮೊದಲ ದಿನ ಮನೆಯಂಗಳದ ಹುಲ್ಲಿನಲ್ಲಿ ಹದಿನೈದು ನಿಮಿಷ, ಅನಂತರ ಕ್ರಮೇಣ ಹೆಚ್ಚಿಸುತ್ತ ಹಲವು ವಾರ ಅಭ್ಯಾಸ ಮಾಡಿ. ಉಣ್ಣೆಯ ಕಾಲುಚೀಲ ಧರಿಸಿ. ಧನುರ್ವಾಯು ಲಸಿಕೆಗಳು ಪೂರ್ಣಗೊಂಡಿವೆಯೇ ಎಂದು ನೋಡಿಕೊಳ್ಳಿ.

ಮೊಳೆಯ ಗುಣವೇ ಅದರ ದೋಷವೂ ಹೌದು. ಹುಲ್ಲು, ಮಣ್ಣುಗಳಲ್ಲಿ ಅದು ಹಿಡಿಯುತ್ತದೆ. ನಯವಾದ ಕಲ್ಲಿನ ಮೇಲೆ ಜಾರುತ್ತದೆ. ಕ್ರಿ.ಶ. 70ರ ಜೆರುಸಲೇಮ್ ಮುತ್ತಿಗೆಯಲ್ಲಿ ಜೂಲಿಯಾನಸ್ ಎಂಬ ಪರಾಕ್ರಮಿ ಶತಾಧಿಪತಿ ದೇವಾಲಯದ ಕಲ್ಲುಹಾಸಿನ ಮೇಲೆ ಓಡುವಾಗ ಮೊಳೆ ಹೊಡೆದ ಪಾದರಕ್ಷೆ ಜಾರಿ ಬಿದ್ದು, ಎದುರಾಳಿಗಳ ಕೈಯಲ್ಲಿ ಹತನಾದನೆಂದು ಜೋಸೆಫಸ್ ಬರೆದಿದ್ದಾನೆ. ಶಾಲೆಯ ಸಭಾಂಗಣ, ವಸ್ತುಸಂಗ್ರಹಾಲಯ, ನಾವು ಯುಗಾದಿಗೆಂದು ಬಾಡಿಗೆಗೆ ಪಡೆಯುವ ಹಾಲ್, ಇಲ್ಲೆಲ್ಲ ಅದನ್ನು ಮೆಟ್ಟಬೇಡಿ. ನೆಲಕ್ಕೂ ಹಾನಿ, ನಡೆಯುವವರಿಗೂ ಹಾನಿ. ಕಾರು ನಡೆಸುವಾಗಲಂತೂ ಕೂಡದು.

ಇನ್ನು ಆರೈಕೆ. ಹೊಸ ಜೋಡಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಾಲುಚೀಲದ ಮೇಲೆ ಮೆಟ್ಟಿ, ದಾರ ಬಿಗಿದು, ಅರೆ ಒಣಗುವವರೆಗೆ ಮೆಲ್ಲನೆ ಓಡಾಡಿ. ತೊಗಲು ನಿಮ್ಮ ಪಾದವನ್ನು ಕಲಿತುಕೊಳ್ಳುತ್ತದೆ. ಆಮೇಲೆ ಹಳೆಯ ಪತ್ರಿಕೆಯ ಕಾಗದ ತುರುಕಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ರೇಡಿಯೇಟರಿನ ಮೇಲಿಡುವುದು ದೊಡ್ಡ ತಪ್ಪು. ಒದ್ದೆಯಾದ ತೊಗಲಿಗೆ ಕಾವು ತಗುಲಿದರೆ ನಾರುಗಳು ಮುದುಡಿ, ಸೆಟೆದು, ಬಿರುಕು ಬಿಡುತ್ತವೆ. ಅಲ್ಲಿಂದ ಅದನ್ನು ಮರಳಿ ತರಲಾಗದು. ಪೂರ್ತಿ ಒಣಗಿದ ಮೇಲೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಸವರಿ. ತೊಯ್ಯುವಷ್ಟು ಹಚ್ಚಿದರೆ ತೊಗಲು ಸಡಿಲವಾಗಿ ಜೋಲುತ್ತದೆ. ಅಂಗಡಿಗಳಲ್ಲಿ ಸಿಗುವ ನೀಟ್ಸ್‌ಫುಟ್ ಎಣ್ಣೆ ದನದ ಕಾಲಿನ ಮೂಳೆಗಳಿಂದ ತೆಗೆದದ್ದು. ಅದು ಬೇಡವೆನ್ನುವ ಮನೆಗಳಲ್ಲಿ ನಮ್ಮ ಅಜ್ಜಂದಿರು ಮೆಟ್ಟುಗಳಿಗೆ ಹಚ್ಚುತ್ತಿದ್ದ ಹರಳೆಣ್ಣೆ ಸಾಕು. ಮೇಲೆ ಸ್ವಲ್ಪ ಜೇನುಮೇಣ ಉಜ್ಜಿದರೆ ಮಳೆಗೂ ತಡೆ.

ನಡಿಗೆಯಾದ ಕೂಡಲೇ ಕೆಸರನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಮೊಳೆಗಳನ್ನು ಒರೆಸಿ, ಒಣಗಿಸಿ, ಮೇಣ ಸವರಿದರೆ ತುಕ್ಕು ಹಿಡಿಯದು. ಮೊಳೆಯ ಸುತ್ತ ತೊಗಲು ಕಪ್ಪಾದರೆ ಗಾಬರಿ ಬೇಡ. ತೊಗಟೆಯ ಒಗರು ಕಬ್ಬಿಣದೊಡನೆ ಸೇರಿದಾಗ ಆಗುವ ಬಣ್ಣ ಅದು. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ನಮ್ಮ ಹಿಂದಿನವರು ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಪ್ರತಿ ನಡಿಗೆಗೆ ಮುನ್ನ ಒಳಗೆ ಕೈಯಾಡಿಸಿ, ಮೊಳೆ ಮೇಲೆ ಬಂದಿದೆಯೇ, ಸಡಿಲವಾಗಿದೆಯೇ ಎಂದು ನೋಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಇಲ್ಲಿನ ತೇವಕ್ಕೆ ಬೂಷ್ಟು ಬರುವುದು ನಿಶ್ಚಿತ. ಬಟ್ಟೆಯ ಚೀಲವೇ ಒಳ್ಳೆಯದು.

ಈ ಕೆಲಸವನ್ನು ಮಾಡುವ ಕೈಗಳ ವಿಷಯಕ್ಕೆ ಬಂದರೆ, ನಾವು ನಮ್ಮ ಮನೆಯ ಮಾತನ್ನೇ ಹೇಳಬೇಕಾಗುತ್ತದೆ. ಮೊದಲ ಸಲ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಾಗದ ಹಾಸಿ ಜೋಡಿಗೆ ಎಣ್ಣೆ ಹಚ್ಚುತ್ತಿದ್ದಾಗ, ಊರಿನಿಂದ ಬಂದಿದ್ದ ನಮ್ಮ ತಾಯಿಯವರು ಬಾಗಿಲಲ್ಲೇ ನಿಂತರು. “ಅದೆಲ್ಲ ಯಾರಿಗಾದರೂ ದುಡ್ಡು ಕೊಟ್ಟು ಮಾಡಿಸಬಾರದೇನಪ್ಪಾ? ಆ ಕೈಯಲ್ಲೇ ಊಟ ಮಾಡಬೇಕಲ್ಲ” ಎಂದರು. ದಿನವೂ ಆಸ್ಪತ್ರೆಯಲ್ಲಿ ಕೀವು ರಕ್ತಗಳನ್ನು ಮುಟ್ಟುವ ಕೈಗಳನ್ನು ಅವರು ಎಂದೂ ಆಕ್ಷೇಪಿಸಿದವರಲ್ಲ. ತೊಗಲನ್ನು ಮುಟ್ಟಿದ ಕೈ ಮಾತ್ರ ಅವರಿಗೆ ಬೇರೆಯಾಗಿ ಕಂಡಿತು. ಅವರೊಬ್ಬರದೇ ಅಳುಕಲ್ಲ ಅದು. ಸಾಗರ ದಾಟಿ ಬಂದ ನಮ್ಮ ಸಾಮಾನುಗಳಲ್ಲಿ ನಾವೆಲ್ಲರೂ ಅರಿಯದೆ ತಂದಿರುವ ಗಂಟು.

ಪ್ರತಿ ವರ್ಷ ಬಸವ ಜಯಂತಿಯಂದು ನಮ್ಮ ಮಕ್ಕಳಿಗೆ ಹರಳಯ್ಯನವರ ಕತೆಯನ್ನು ಹೇಳುತ್ತೇವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಪಾದರಕ್ಷೆ ಮಾಡುತ್ತಿದ್ದ ಆ ಶರಣ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಹೊಲಿದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ಪ್ರತೀತಿ. ವೇದಿಕೆಯ ಮೇಲೆ ಈ ಕತೆಗೆ ಚಪ್ಪಾಳೆ ತಟ್ಟುವ ನಾವು, ಮನೆಯಲ್ಲಿ ನಮ್ಮದೇ ಜೋಡಿಗೆ ಎಣ್ಣೆ ಹಚ್ಚಲು ಹಿಂಜರಿದರೆ ಮಕ್ಕಳು ಯಾವ ಪಾಠವನ್ನು ನಂಬಬೇಕು? ರಂಪಿಗೆ ಹಿಡಿದವನ ಕೆಲಸವನ್ನು ಗೌರವಿಸುವ ಮೊದಲ ಹೆಜ್ಜೆ, ಅವನ ಕೈ ಮುಟ್ಟಿದ ತೊಗಲನ್ನು ನಮ್ಮ ಕೈಯೂ ಮುಟ್ಟುವುದು. ದನದ ತೊಗಲು ತಮ್ಮ ನಂಬಿಕೆಗೆ ಒಗ್ಗದೆಂದು ಯಾರಾದರೂ ಮೆಟ್ಟಲು ಒಲ್ಲೆನೆಂದರೆ ಅದನ್ನು ನಾವು ಗೌರವಿಸುತ್ತೇವೆ. ಮೆಟ್ಟಲು ಒಪ್ಪಿ, ಮುಟ್ಟಲು ಮಾತ್ರ ಒಪ್ಪದಿರುವುದನ್ನು ಒಪ್ಪಲಾರೆವು.

ಒಂದು ಸಲಹೆಯೂ ಇದೆ. ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಕರ್ಮಿಗಳು ಇಂದಿಗೂ ತೊಗಟೆಯ ಹದದ ತೊಗಲಿನಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುತ್ತಾರೆ. 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. ಕಲಿಗದ ವಿನ್ಯಾಸ ಅವರಿಗೆ ಹೊಸದಾದರೂ ತೊಗಲಿನ ಹದ, ಅಟ್ಟೆಯ ಪದರ, ದಾರದ ಬಿಗಿ ಅವರಿಗೆ ಹೊಸತಲ್ಲ. ರಜೆಯಲ್ಲಿ ಆ ಕ��ೆ ಹೋಗುವವರು ಒಮ್ಮೆ ಅವರ ಮುಂದೆ ಕುಳಿತು, ಮೊಳೆಯಿಲ್ಲದ ಒಂದು ಜೋಡಿಯನ್ನು ಅಳತೆ ಕೊಟ್ಟು, ಅವರು ಹೇಳಿದ ಬೆಲೆಗೆ ಮಾಡಿಸಿ ನೋಡಬಾರದೇಕೆ?

ಒಂದು ದಿನದ ವೇಷಕ್ಕೆ ಇಷ್ಟೆಲ್ಲ ಏಕೆ ಎಂದು ಕೆಲವು ಪೋಷಕರು ನಮ್ಮನ್ನು ಕೇಳಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಬೆಳೆಯುವ ಮಕ್ಕಳಿಗೆ ದುಬಾರಿ ಜೋಡಿ ಬೇಕಾಗಿಲ್ಲ. ರೋಮನ್ನರಲ್ಲಿಯೇ ಕಾರ್ಬಾಟಿನ ಎಂಬ ಸರಳ ಪಾದರಕ್ಷೆ ಇತ್ತು. ಒಂದೇ ತುಂಡು ತೊಗಲನ್ನು ಪಾದದ ಸುತ್ತ ಮಡಚಿ ದಾರ ಪೋಣಿಸಿ ಕಟ್ಟುವಂಥದು. ಮೊಳೆಯಿಲ್ಲ, ಮೆತ್ತಗಿದೆ, ಖರ್ಚು ಕಡಿಮೆ; ತಂದೆತಾಯಿಗಳು ಮಕ್ಕಳೊಡನೆ ಕುಳಿತು ಮನೆಯಲ್ಲಿಯೇ ಮಾಡಬಹುದು. ಸಂಘದಿಂದ ನಾಲ್ಕಾರು ಜೋಡಿ ಕೊಂಡು ಎಲ್ಲರೂ ಹಂಚಿಕೊಳ್ಳೋಣವೆಂಬ ಸಲಹೆ ಮಾತ್ರ ಬೇಡ. ಒಬ್ಬರ ಪಾದಕ್ಕೆ ಒಗ್ಗಿದ ತೊಗಲು ಇನ್ನೊಬ್ಬರನ್ನು ಕಚ್ಚುತ್ತದೆ; ಕಾಲಿನ ಶಿಲೀಂಧ್ರ ಸೋಂಕೂ ಜೋಡಿಯೊಂದಿಗೆ ಮನೆಯಿಂದ ಮನೆಗೆ ನಡೆಯುತ್ತದೆ.

ನಮ್ಮ ಹಿರಿಯರು ಈಗ ಗುಣಮುಖರಾಗಿದ್ದಾರೆ. ಮುಂದಿನ ಬೇಸಿಗೆಯ ನಡಿಗೆಗೂ ಹೆಸರು ಕೊಟ್ಟಿದ್ದಾರೆ. ಈ ಸಲ ತಮ್ಮ ನಡಿಗೆಯ ಬೂಟುಗಳಲ್ಲಿ. ಆ ಹಳೆಯ ಜೋಡಿಯನ್ನು ಎಸೆಯಲು ಅವರು ಒಪ್ಪಲಿಲ್ಲ. ಮಗನೂ ಮೊಮ್ಮಗನೂ ಕೂಡಿ ಅದರ ಮೊಳೆಗಳನ್ನೆಲ್ಲ ಒಂದೊಂದಾಗಿ ಕಿತ್ತು, ಅಟ್ಟೆಯನ್ನು ಬಿಚ್ಚಿ, ತೊಗಲಿಗೆ ಹರಳೆಣ್ಣೆ ಹಚ್ಚಿ, ಹೊಸ ಒಳ ಅಟ್ಟೆ ಕತ್ತರಿಸುತ್ತಿದ್ದಾರೆ. ಕಳೆದ ವಾರ ನಾವು ಅವರ ಮನೆಗೆ ಹೋದಾಗ ಕೋಣೆಯ ತುಂಬ ತೊಗಲಿನ ವಾಸನೆಯಿತ್ತು. ಅಜ್ಜ ಕುರ್ಚಿಯಲ್ಲಿ ಕುಳಿತು, “ಒಳಗೆ ಕೈ ಹಾಕಿ ನೋಡೋ ಮರಿ, ಏನಾದರೂ ಚುಚ್ಚುತ್ತಾ?” ಎಂದು ಮೊಮ್ಮಗನಿಗೆ ಹೇಳುತ್ತಿದ್ದರು.

ಮುಂದಿನ ನಡಿಗೆಗೆ ಬರುವವರು ತಮ್ಮ ಜೋಡಿಗಳನ್ನು ಒಂದು ತಿಂಗಳು ಮೊದಲೇ ನಮಗೆ ತೋರಿಸಿದರೆ ಸಂತೋಷ. ಕಾಲುಗಳನ್ನೂ ಜೊತೆಗೆ ತನ್ನಿ. ತಮ್ಮ ಅಭಿಪ್ರಾಯಗಳನ್ನು, ಭಿನ್ನಾಭಿಪ್ರಾಯಗಳನ್ನೂ, ದಯವಿಟ್ಟು ಬರೆದು ತಿಳಿಸಿ.